ಬಿಡ್ ಅಂದೆನೋ, ಭಿಡ್ ಅಂದೆನೋ

ನಾನು ಹನ್ನೆರಡು ವರ್ಷ ಗೋಲ್‌ಕೀಪರ್ ಆಗಿದ್ದೆ. ಅದರಲ್ಲಿ ಎರಡು ವರ್ಷ ಮಸ್ಕತ್ತಿನ ಒಂದು ಕ್ಲಬ್ಬಿನಲ್ಲಿ, ಸಂಬಳ ತೆಗೆದುಕೊಂಡು. ಇಷ್ಟು ಹೇಳಿದ ಕೂಡಲೇ ಚಿಕ್ಕೋಡಿಯಿಂದ ಅಥಣಿಯ ತನಕ ಯಾರೇ ಆಗಲಿ ಕೇಳುವ ಮೊದಲ ಪ್ರಶ್ನೆ ಒಂದೇ: "ಎಷ್ಟ ಗೋಲ್ ಹೊಡದ್ರಿ?" ನಾನು ಗೋಲ್ ಹೊಡೆಯುವವನಲ್ಲ, ತಡೆಯುವವನು ಎಂದು ತಿಳಿಸಿ ಹೇಳುತ್ತೇನೆ. ಅವರು ಗೋಣು ಹಾಕುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ನನಗೆ ಬೇಜಾರಾಗಬಾರದೆಂದು ದನಿ ಇಳಿಸಿ, "ಹಂಗಂದ್ರ ಒಂದೂ ಹೊಡೀಲಿಲ್ಲೇನ್ರಿ?" ಎನ್ನುತ್ತಾರೆ. ಈ ಪ್ರಶ್ನೆಗೆ ಉತ್ತರ ಕೊಟ್ಟು ಕೊಟ್ಟು ನನ್ನ ಕೂದಲು ಉದುರಿದೆ.

ಮನೆಯಲ್ಲೂ ಇದೇ ಪಾಡು. ಸದಲಗಾದ ಹೊರಗೆ ದೂಧಗಂಗೆಯ ದಂಡೆಗೆ ನಮ್ಮ ಕಬ್ಬಿನ ಹೊಲ. ಅಪ್ಪನಿಗೆ ಕೆಲಸವೆಂದರೆ ಬೆವರು, ಕೆಸರು, ಪಂಪಿನ ಮೋಟಾರು ಸುಟ್ಟಾಗ ಬೈಗಳು. ನಾನು ನಿಪ್ಪಾಣಿಯಲ್ಲಿ ಬಿ.ಕಾಂ. ಓದುತ್ತಿದ್ದಾಗ ಒಂದೇ ಒಂದು ಸಲ ನನ್ನ ಆಟ ನೋಡಲು ಬಂದಿದ್ದ. ನನ್ನ ಗ್ರಹಚಾರಕ್ಕೆ ಅವತ್ತು ನಮ್ಮ ತಂಡದವರು ಎಂದೂ ಆಡದಷ್ಟು ಚೆನ್ನಾಗಿ ಆಡಿದರು. ಚೆಂಡು ಎದುರಿನವರ ಅರ್ಧದಲ್ಲೇ ಉಳಿಯಿತು. ನಾನು ಗೋಲಿನ ಬಾಯಲ್ಲಿ ಕೈಕಟ್ಟಿ ನಿಂತೆ. ಅರ್ಧ ಆಟ ಮುಗಿಯುವುದರೊಳಗೆ ಅಪ್ಪ ಎದ್ದು ಹೋಗಿದ್ದ. ಮನೆಗೆ ಬಂದು ನೋಡಿದರೆ ಅವ್ವನ ಮುಂದೆ ಕೂತು ವರದಿ ಒಪ್ಪಿಸುತ್ತಿದ್ದ.

"ಎಲ್ಲಾರೂ ಓಡ್ಯಾಡಾಕತ್ತಿದ್ರು. ಇಂವ ಒಬ್ಬಾವ ನಿಂತಿದ್ದ. ಯಾರೂ ಇವನ್ನ ಮಾತಾಡ್ಸಲಿಲ್ಲ."

ಅವ್ವ ನನ್ನನ್ನು ಕರುಣೆಯಿಂದ ನೋಡಿ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. ಆ ರೊಟ್ಟಿಯನ್ನು ಗೋಡೆಗೆ ಒಗೆಯಬೇಕು ಅನ್ನಿಸಿತು. ಹಸಿವಾಗಿತ್ತು, ತಿಂದೆ.

ನಿಪ್ಪಾಣಿ ಕಡೆಯವರಿಗೆ ಫುಟ್‌ಬಾಲಿನ ಹುಚ್ಚು ಹತ್ತುವುದು ಕೊಲ್ಲಾಪುರದಿಂದ. ಅಲ್ಲಿ ಓಣಿಗೊಂದು ತಾಲೀಮು, ಅಂದರೆ ಗರಡಿಮನೆ. ತಾಲೀಮಿಗೊಂದು ಫುಟ್‌ಬಾಲ್ ತಂಡ. ಎಂಬತ್ತರ ದಶಕದ ನಡುವೆ ಅಂಥದೊಂದು ತಂಡದವರು ನನ್ನ ಎತ್ತರ ನೋಡಿ ಕರೆದುಕೊಂಡರು. ನಿಪ್ಪಾಣಿ ಸ್ಟ್ಯಾಂಡಿನಿಂದ ದಿನಾ ಬಸ್ಸು, ಸಂಜೆ ಅಭ್ಯಾಸ, ಮತ್ತೆ ಬಸ್ಸು. ಆ ತಂಡದ ಸ್ಟಾಪರ್, ಅಂದರೆ ಕೀಪರನ ಮುಂದೆ ನಟ್ಟನಡುವೆ ನಿಂತು ಬಂದವರನ್ನು ತಡೆಯುವ ಆಟಗಾರ, ಕಾಗವಾಡದವನು. ಅವನ ಅಪ್ಪ ಅವ್ವ ಇಬ್ಬರೂ ಬೇರೆಯವರ ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗುತ್ತಿದ್ದರು. ಗಟ್ಟಿ ಆಳು, ಮಾತು ಕಡಿಮೆ, ಏನು ಕೇಳಿದರೂ ಮೊದಲು ನೆಲ ನೋಡುತ್ತಿದ್ದ. ನನ್ನ ಆಯುಷ್ಯದ ಅರ್ಧ ಸಿಟ್ಟು ಖರ್ಚಾಗಿದ್ದು ಇವನ ಮೇಲೆ.

ಇವನ ತೊಂದರೆ ಏನೆಂದರೆ, ಇವನಿಗೆ ಎರಡು ಭಾಷೆ ಒಂದೇ ಸಮ ಬರುತ್ತಿತ್ತು. ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ. ನಮ್ಮ ಗಡಿಯಲ್ಲಿ ಇದೇನು ವಿಶೇಷವಲ್ಲ, ನಾನೂ ಹಾಗೆಯೇ. ಆದರೆ ಗೋಲ್‌ಕೀಪರನ ಹಿಂದೆ ಮುಂದೆ ಇಂಥವರು ಇರಬಾರದು. ಕೀಪರನ ಕೆಲಸದಲ್ಲಿ ಕೈಯಷ್ಟೇ ಮುಖ್ಯ ಬಾಯಿ. ಎತ್ತರದ ಚೆಂಡು ಬಂದಾಗ ಅದನ್ನು ನಾನು ಹಿಡಿಯುತ್ತೇನೋ ಅವನು ಹೊಡೆಯುತ್ತಾನೋ ಎಂದು ಒಂದೇ ಮಾತಿನಲ್ಲಿ ತೀರ್ಮಾನವಾಗಬೇಕು. ಮೊದಲ ಪಂದ್ಯದಲ್ಲೇ ಅಂಥ ಚೆಂಡು ಬಂತು. ನನ್ನದು ಅನ್ನಿಸಿತು. "ಬಿಡ್" ಎಂದು ಕೂಗಿ ಮುಂದೆ ನುಗ್ಗಿದೆ. ಅವನು ಬಿಡುವ ಬದಲು ಮೈಮೇಲೆ ದೆವ್ವ ಬಂದವರ ಹಾಗೆ ಎಗರಿದ. ಇಬ್ಬರೂ ಡಿಕ್ಕಿ ಹೊಡೆದು ಬಿದ್ದೆವು. ಅವನ ಹುಬ್ಬು ಸೀಳಿತು, ಚೆಂಡು ಗೋಲಿಗೆ ಹೋಯಿತು.

"ಬಿಡ್ ಅಂದ್ನೆಲ್ಲ, ಕಿವಿ ಕೇಳಂಗಿಲ್ಲೇನ್ಲೇ ನಿಂಗ?" ಎಂದೆ.

ಅವನು ರಕ್ತ ಒರೆಸಿಕೊಳ್ಳುತ್ತ ನೆಲ ನೋಡಿದ. "ನೀ ಭಿಡ್ ಅಂದಿ. ಅದಕ್ಕ ಭಿಡ್ದೆ," ಎಂದ.

ಕನ್ನಡದಲ್ಲಿ ಬಿಡ್ ಅಂದರೆ ಕೈಬಿಡು, ಸರಿ. ಮರಾಠಿಯಲ್ಲಿ ಭಿಡ್ ಅಂದರೆ ಹೋಗಿ ಮೇಲೆ ಬೀಳು, ಕಾದಾಡು. ಎರಡಕ್ಕೂ ನಡುವೆ ಇರುವುದು ಹೊಟ್ಟೆಯೊಳಗಿಂದ ಬರುವ ಒಂದಿಷ್ಟು ಗಾಳಿ. ಶಾಲೆಯಲ್ಲಿ ನಮ್ಮ ಕನ್ನಡ ಮಾಸ್ತರು ಮಹಾಪ್ರಾಣ ಹೊರಡಿಸಲು ನಮ್ಮ ಬೆನ್ನಿನ ಮೇಲೆ ಎಷ್ಟು ಕೋಲು ಮುರಿದರೋ ಲೆಕ್ಕವಿಲ್ಲ. "ಭಾರತ ಅನ್ಲೇ, ಬಾರತ ಅಲ್ಲ," ಎಂದು ದಿನಾ ಬಡಿಯುತ್ತಿದ್ದರು. ಆಗ ಒಂದು ದಿನವೂ ಹೊರಡದ ಮಹಾಪ್ರಾಣ ಗೋಲಿನ ಮುಂದೆ ಗಂಟಲು ಹರಿಯುವಂತೆ ಕೂಗಿದಾಗ ತಾನಾಗಿಯೇ ಹೊರಟುಬಿಡುತ್ತಿತ್ತು. ಯಾರ ಮೇಲೆ ಸಿಟ್ಟು ಮಾಡುವುದು?

ಬರೀ ಮರಾಠಿ ಬರುವವನಾಗಿದ್ದರೆ, ಬಿಡು ಎನ್ನಲು ಅವರದೇ "ಸೋಡ್" ಎಂದು ಕೂಗಿ ಪಾರಾಗುತ್ತಿದ್ದೆ. ಬರೀ ಕನ್ನಡದವನಾಗಿದ್ದರೆ ಬಿಡ್ ಅಂದರೆ ಬಿಡುತ್ತಿದ್ದ. ಇವನು ಎರಡೂ ಬಲ್ಲವನು, ನಾನು ಯಾವ ಭಾಷೆಯಲ್ಲಿ ಕೂಗಿದೆ ಎಂಬುದನ್ನು ನಡುಗಾಳಿಯಲ್ಲಿ ತೀರ್ಮಾನಿಸುವವನು. ಇಬ್ಬರೂ ಕೂತು ಒಪ್ಪಂದ ಮಾಡಿಕೊಂಡೆವು, ಇನ್ನು ಮೇಲೆ "ಸೋಡ್" ಎಂದು. ನಾನು ಬಸ್ಸಿನಲ್ಲಿ ಕೂತು ಸೋಡ್ ಸೋಡ್ ಎಂದು ಬಾಯಿಪಾಠ ಮಾಡಿದೆ. ಪಕ್ಕದವರು ನನಗೆ ಸೋಡಾ ಬೇಕಾಗಿದೆ ಎಂದುಕೊಂಡರು. ಏನು ಮಾಡಿದರೂ ಗಾಬರಿಯಾದಾಗ ಬಾಯಿಗೆ ಬರುತ್ತಿದ್ದದ್ದು ಅವ್ವ ಎಮ್ಮೆಕರುವಿಗೆ ಅನ್ನುತ್ತಿದ್ದ ಬಿಡ್ ಒಂದೇ. ಇನ್ನೂ ಎರಡು ಮೂರು ಸಲ ಹಾಗೆಯೇ ಆಯಿತು. ಪ್ರತಿ ಸಲ ನಾನು ಅವನನ್ನು ಬೈದೆ. ಪ್ರತಿ ಸಲ ಅವನು ನೆಲ ನೋಡಿದ.

ಆದರೂ ಇಬ್ಬರೂ ಸೇರಿ ಚೆನ್ನಾಗಿ ಆಡುತ್ತಿದ್ದೆವು, ಅದನ್ನು ಸುಳ್ಳು ಹೇಳಬಾರದು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಮುಂಬಯಿಯ ಒಬ್ಬ ಏಜೆಂಟ ಆಟ ನೋಡಲು ಬಂದ. ಮಸ್ಕತ್ತಿನ ಕ್ಲಬ್ಬೊಂದಕ್ಕೆ ಕೀಪರ್ ಮತ್ತು ಸ್ಟಾಪರ್ ಬೇಕಾಗಿತ್ತು. ನಮ್ಮಿಬ್ಬರನ್ನೂ ಜೋಡಿಯಾಗಿಯೇ ಆರಿಸಿದ. "ಇಬ್ಬರೂ ಒಬ್ಬರಿಗೊಬ್ಬರು ಚೆನ್ನಾಗಿ ಅರ್ಥವಾಗಿದ್ದೀರಿ," ಎಂದು ಅವನು ಹಿಂದಿಯಲ್ಲಿ ಹೊಗಳಿದಾಗ ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಪಾಸ್‌ಪೋರ್ಟಿಗೆ ವಿಚಾರಣೆ ಮಾಡಲು ಮನೆಗೆ ಒಬ್ಬ ಪೊಲೀಸ್ ಬಂದ. ಚಹಾ ಕುಡಿದು, ಅಲ್ಲಿ ಏನು ಕೆಲಸ ಎಂದು ಕೇಳಿದ. ಫುಟ್‌ಬಾಲ್ ಕೀಪರ್ ಎಂದೆ. ಅವನು ಪೆನ್ನು ಕೆಳಗಿಟ್ಟ.

"ಚಂಡ ಹಿಡ್ಯಾಕ ಅಲ್ಲಿ ಮಂದಿ ಇಲ್ಲೇನ್ರಿ?"

"ಅದರಾಗೂ ಕಲಿಯೂದು ಇರತೈತ್ರಿ," ಎಂದೆ.

"ಇರ್ಲಿ ಬಿಡ್ರಿ, ನಾ ಸ್ಟೋರ್ ಕೀಪರ್ ಅಂತ ಬರಕೋತೀನಿ. ನಿಮಗೂ ಮರ್ಯಾದಿ ಇರತೈತಿ," ಎಂದು ಬರೆದುಕೊಂಡ. ಅಪ್ಪ ಅದನ್ನು ಕೇಳಿ ಮೊದಲ ಬಾರಿಗೆ ನನ್ನ ಕೆಲಸದ ಬಗ್ಗೆ ಸಮಾಧಾನಪಟ್ಟ. ಆದರೂ ಹೊರಡುವ ಮುನ್ನ ಅಂಗಳದಲ್ಲಿ ನಿಲ್ಲಿಸಿ ಕಡ್ಡಿ ಮುರಿದಂತೆ ಹೇಳಿದ: "ಒಂದ ವರ್ಷ. ಅವರ ಮತ್ತ ಇಟ್ಕೊಂಡ್ರ ಇರು. ಹೊಳ್ಳಿ ಕಳಿಸಿದ್ರ ಚಂಡಿನ ಮಾತ ಈ ಮನ್ಯಾಗ ಬರಬಾರದು." ನಮ್ಮ ಕರಾರೂ ಒಂದೇ ವರ್ಷದ್ದು. ಎರಡನೇ ವರ್ಷ ಸಿಗದಿದ್ದರೆ ನನಗೆ ಕಬ್ಬು ತಪ್ಪಿದ್ದಲ್ಲ.

ಸ್ಟಾಪರನಿಗೆ ಕಬ್ಬೂ ಇರಲಿಲ್ಲ. ಕಾಗವಾಡದಲ್ಲಿ ಅವನು ಕಟ್ಟಿಸುತ್ತಿದ್ದ ಮನೆಯ ಗೋಡೆ ಎದ್ದು ನಿಂತಿದ್ದವು, ಮೇಲೆ ತಗಡು. ಎರಡನೇ ವರ್ಷದ ಪಗಾರದಲ್ಲಿ ಸ್ಲ್ಯಾಬ್ ಹಾಕಿಸುತ್ತೇನೆ ಎಂದು ಹೆಂಡತಿಗೆ ಹೇಳಿ ಬಂದಿದ್ದ. ಮಸ್ಕತ್ತಿನಲ್ಲಿ ನಾವಿಬ್ಬರೂ ಒಂದೇ ಖೋಲಿಯಲ್ಲಿ ಇದ್ದೆವು. ದಿನಾ ಊಟವಾದ ಮೇಲೆ ಅವನು ಚಾವಣಿ ನೋಡುತ್ತ ಮಲಗಿ, ಈ ಸ್ಲ್ಯಾಬ್ ಎಷ್ಟು ಇಂಚು ಇರಬಹುದು ಎಂದು ಕೇಳುತ್ತಿದ್ದ. ನನಗೇನು ಗೊತ್ತು? ನಾಲ್ಕು ಅಂದರೆ ನಾಲ್ಕೇ ಇರಲಿಕ್ಕಿಲ್ಲ ಎನ್ನುತ್ತಿದ್ದ, ಐದು ಅಂದರೆ ಐದು ಹೆಚ್ಚಾಯಿತು ಎನ್ನುತ್ತಿದ್ದ. ತಲೆಚಿಟ್ಟು ಹಿಡಿಸಿಬಿಡುತ್ತಿದ್ದ.

ಅವನಿಗೆ ಇಂಗ್ಲಿಷ್ ಒಂದಕ್ಷರ ಬರುತ್ತಿರಲಿಲ್ಲ, ಹಿಂದಿಯೂ ಅಷ್ಟಕ್ಕಷ್ಟೇ. ನಿಪ್ಪಾಣಿಯ ಬಿ.ಕಾಂ. ದಯೆಯಿಂದ ನನಗೆ ಒಂದಿಷ್ಟು ಬರುತ್ತಿತ್ತು. ಹೀಗಾಗಿ ಅವನ ಬಾಯಿ ನಾನೇ. ಕಾಲು ನೋವೆಂದರೆ ಡಾಕ್ಟರಿಗೆ ನಾನು ಹೇಳಬೇಕು. ಅಂಗಡಿಯಲ್ಲಿ ಜೋಳದ ಹಿಟ್ಟು ಇದೆಯೇ ಎಂದು ನಾನು ಕೇಳಬೇಕು. ಕೋಚ್ ಹೇಳಿದ್ದನ್ನು ಅವನಿಗೆ, ಅವನು ಹೇಳಿದ್ದನ್ನು ಕೋಚ್‌ಗೆ ನಾನೇ ಮುಟ್ಟಿಸಬೇಕು. ಆ ಕೋಚ್ ಈಜಿಪ್ಟಿನವನು. ಮೈದಾನದಲ್ಲಿ ಕೂಗುವುದೆಲ್ಲ ಇಂಗ್ಲಿಷಿನಲ್ಲೇ ಆಗಬೇಕೆಂದು ಕಟ್ಟಪ್ಪಣೆ ಮಾಡಿದ್ದ: ಚೆಂಡು ನನ್ನದಾದರೆ "ಕೀಪರ್", ಸ್ಟಾಪರನದಾದರೆ "ಅವೇ", ಅಂದರೆ ದೂರ ಹೊಡಿ. ವರ್ಷವಿಡೀ ನಾನು ಕೀಪರ್ ಕೀಪರ್ ಎಂದು ಕೂಗಿದೆ, ಅವನು ಸರಿಯಾಗಿ ಬಿಟ್ಟ. ಬಿಡ್ ಮತ್ತು ಭಿಡ್ ಇಬ್ಬರೂ ಊರಲ್ಲೇ ಉಳಿದರು ಎಂದು ನಾನು ನಿಶ್ಚಿಂತೆಯಿಂದ ಇದ್ದೆ.

ವರ್ಷ ಮುಗಿಯಲು ಬಂದಾಗ ಕ್ಲಬ್ಬಿನವರು ಕರೆದು ಹೇಳಿದರು: ಮುಂದಿನ ವರ್ಷ ನಿಮ್ಮಿಬ್ಬರಲ್ಲಿ ಒಬ್ಬನನ್ನು ಮಾತ್ರ ಇಟ್ಟುಕೊಳ್ಳುತ್ತೇವೆ, ಕೊನೆಯ ಪಂದ್ಯವಾದ ಮೇಲೆ ಕೋಚ್ ತೀರ್ಮಾನ ಮಾಡುತ್ತಾನೆ. ಇದನ್ನು ಅವನಿಗೆ ಕನ್ನಡದಲ್ಲಿ ಹೇಳಿದವನೂ ನಾನೇ. ಅವನು ನೆಲ ನೋಡಿ, "ಆತು," ಎಂದ. ಅಂದಿನಿಂದ ಸ್ಲ್ಯಾಬಿನ ಮಾತು ಎತ್ತಲಿಲ್ಲ.

ಕೊನೆಯ ಪಂದ್ಯದಲ್ಲಿ ನಾವು ಒಂದು ಗೋಲು ಮುಂದಿದ್ದೆವು. ಆಟ ಮುಗಿಯಲು ಕೆಲವೇ ನಿಮಿಷ. ಬಲಗಡೆಯಿಂದ ಒಂದು ಎತ್ತರದ ಚೆಂಡು ಬಂತು. ನೋಡಿದ ಕೂಡಲೇ ಅದು ನನ್ನದೆಂದು ಗೊತ್ತಾಯಿತು. ಕೂಗಿದೆ. ಬಾಯಿಯಿಂದ ಬಂದದ್ದು ಕೀಪರ್ ಅಲ್ಲ. ಒಂದು ವರ್ಷದಿಂದ ಎಲ್ಲಿ ಅಡಗಿತ್ತೋ, ಅದೇ ಬಿಡ್. ಅವನು ಎಗರಿ ತಲೆ ಕೊಟ್ಟ. ಚೆಂಡು ಅವನ ತಲೆಗೆ ತಾಗಿ ನಮ್ಮದೇ ಗೋಲಿನ ಮೂಲೆಗೆ ಹೋಗಿ ಕೂತಿತು. ಪಂದ್ಯ ಸಮವಾಯಿತು, ಗೆಲ್ಲಬೇಕಾಗಿದ್ದ ಕಪ್ ಕೈತಪ್ಪಿತು. ನನಗೆ ಅವನನ್ನು ಅಲ್ಲೇ ಹೂತುಬಿಡಬೇಕು ಅನ್ನಿಸಿತು.

ಬಟ್ಟೆ ಬದಲಿಸುವ ಕೋಣೆಗೆ ಕೋಚ್ ಬಂದ. ಏನು ಕೂಗಿದೆ ಎಂದು ನನ್ನನ್ನು ಕೇಳಿದ. ನಮ್ಮ ಭಾಷೆಯಲ್ಲಿ 'ಬಿಡು' ಎಂದು ಕೂಗಿದೆ ಎಂದೆ. ಅವನ ಕಡೆ ಬೆರಳು ಮಾಡಿ, ಅವನಿಗೆ ಏನು ಕೇಳಿಸಿತು, ಕೇಳು ಎಂದ.

"ಲೇ, ನಾ ಕೂಗಿದ್ದು ನಿಂಗ ಏನಂತ ಕೇಳ್ಸತು?"

ಅವನು ಬೂಟಿನ ಲೇಸು ಬಿಚ್ಚುತ್ತ, ತಲೆ ಎತ್ತದೆ, ಬಾಯೊಳಗೇ ಅಂದ: "ಭಿಡ್ ಅಂತ ಕೇಳ್ಸತು."

ನಾನು ಹಣೆ ಚಚ್ಚಿಕೊಂಡೆ. ಅದೇ ಕಾಯಿಲೆ, ಇಷ್ಟು ವರ್ಷವಾದರೂ. ಕೋಚ್‌ಗೆ ಎಲ್ಲವನ್ನೂ ಬಿಡಿಸಿ ಹೇಳಿದೆ: ನಮ್ಮದು ಎರಡು ರಾಜ್ಯಗಳ ಗಡಿ, ಎರಡು ಭಾಷೆ, ಒಂದೇ ಶಬ್ದ, ಒಂದರಲ್ಲಿ 'ಬಿಡು', ಇನ್ನೊಂದರಲ್ಲಿ 'ಮೇಲೆ ಬೀಳು', ನಾನು ಒಂದರಲ್ಲಿ ಹೇಳಿದೆ, ಇವನು ಇನ್ನೊಂದರಲ್ಲಿ ಕೇಳಿಸಿಕೊಂಡ, ಇದು ಇವನಿಗೆ ಮೊದಲಿನಿಂದಲೂ ಇದೆ. ನನ್ನ ಹರುಕುಮುರುಕು ಇಂಗ್ಲಿಷು ಅವತ್ತು ಹೊಳೆಯ ನೀರಿನ ಹಾಗೆ ಹರಿಯಿತು. ಕೋಚ್‌ಗೆ ಸಿಟ್ಟಿನ ನಡುವೆಯೂ ನಗು ಬಂತು. ಬೇರೆ ಆಟಗಾರರೂ ನಕ್ಕರು. ಅವನು ಲೇಸು ಬಿಚ್ಚುತ್ತಲೇ ಇದ್ದ.

ವಾರದೊಳಗೆ ತೀರ್ಮಾನ ಬಂತು. ಕೀಪರನ ಮಾತು ತಿಳಿಯದ ಸ್ಟಾಪರ್ ಬೇಡ ಎಂದ ಕೋಚ್. ಎರಡನೇ ವರ್ಷ ನನಗೆ ಸಿಕ್ಕಿತು. ಅವನು ಟ್ರಂಕು ಕಟ್ಟಿದ. ನಮ್ಮ ಅವ್ವನಿಗೆಂದು ನಾನು ಕೊಟ್ಟ ಒಂದು ಚಾದರವನ್ನೂ ಅದರಲ್ಲಿಟ್ಟುಕೊಂಡು ಹೋದ, ಸದಲಗಾಕ್ಕೆ ಹೋಗಿ ಮುಟ್ಟಿಸಿದ. ಒಂದು ಮಾತು ಆಡಲಿಲ್ಲ. ಬೈದಿದ್ದರೆ ನನಗೂ ಬೈಯಲು ಒಂದು ದಾರಿ ಸಿಗುತ್ತಿತ್ತು. ಅವನ ಆ ಮೌನಕ್ಕೂ ನನಗೆ ಸಿಟ್ಟೇ ಬಂತು.

ಎರಡನೇ ವರ್ಷ ಮುಗಿಸಿ ನಾನೂ ಬಂದೆ. ಮೊಣಕಾಲು ಕೈಕೊಟ್ಟಿತ್ತು. ಅಪ್ಪನ ಕಬ್ಬು ನನಗಾಗಿ ಕಾದಿತ್ತು. ಅಂಕಲಿಯಿಂದ ತೆಲಸಂಗದವರೆಗೆ ಎಲ್ಲಿ ಹೋದರೂ ಜನ ಎಷ್ಟು ಗೋಲು ಹೊಡೆದೆ ಎಂದೇ ಕೇಳುತ್ತಿದ್ದರು. ಆ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ನಾನು ಬಿಡ್ ಮತ್ತು ಭಿಡ್‌ನ ಕಥೆ ಹೇಳತೊಡಗಿದೆ. ನಿಪ್ಪಾಣಿಯ ತಂಬಾಕಿನ ಅಂಗಡಿಯಲ್ಲಿ ಹೇಳಿದೆ, ಚಿಕ್ಕೋಡಿ ಕೋರ್ಟಿನ ಕ್ಯಾಂಟೀನಿನಲ್ಲಿ ಹೇಳಿದೆ, ಯಾರದೋ ಮದುವೆಯ ಪಂಕ್ತಿಯಲ್ಲಿ ಹೇಳಿದೆ. ಅವನು ದೆವ್ವ ಬಂದವರಂತೆ ಎಗರುವುದನ್ನು ಎದ್ದುನಿಂತು ಮಾಡಿ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಹನ್ನೆರಡು ವರ್ಷದ ಆಟ ಯಾರಿಗೂ ಬೇಕಾಗಿರಲಿಲ್ಲ, ಈ ಕಥೆ ಎಲ್ಲರಿಗೂ ಬೇಕಾಗಿತ್ತು. ಅವನು ಆಗ ಒಂದು ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ವಾಚ್‌ಮನ್. ಮನೆಯ ಮೇಲೆ ಇನ್ನೂ ತಗಡೇ ಇದೆ ಎಂದು ಯಾರೋ ಹೇಳಿದ್ದರು. ಪಾಪ ಅನ್ನಿಸಿತ್ತು, ಅಷ್ಟೇ.

ತೊಂಬತ್ತರ ದಶಕದ ಕೊನೆಯಲ್ಲಿ ರಾಯಬಾಗದಲ್ಲಿ ಒಂದು ಫುಟ್‌ಬಾಲ್ ಪಂದ್ಯಾವಳಿ ನಡೆಯಿತು. ಬಹುಮಾನ ಕೊಡಲು ಇಬ್ಬರನ್ನೂ ಕರೆದಿದ್ದರು. ಅವನು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದ. ನನ್ನ ಕೈಗೆ ಮೈಕು ಕೊಟ್ಟರು. ಜನ ಕಥೆ ಕೇಳಿದರು, ನಾನು ಹೇಳಿದೆ, ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡು. ಮೈದಾನವೆಲ್ಲ ನಕ್ಕಿತು. ಅವನೂ ನಕ್ಕಂತೆ ಕಂಡಿತು. ಮೈಕು ಅವನಿಗೆ ಕೊಟ್ಟಾಗ ಕೈಮುಗಿದು ಕೂತುಬಿಟ್ಟ.

ಸಂಜೆ ಬಸ್ ಸ್ಟ್ಯಾಂಡಿನ ಹೊರಗೆ ಚಹಾ ಕುಡಿಯುತ್ತ ನಿಂತಿದ್ದೆವು. ಅವನ ಹೆಂಡತಿ ಸ್ವಲ್ಪ ದೂರದಲ್ಲಿ ಚೀಲದ ಪಕ್ಕ ಕೂತಿದ್ದಳು.

"ಇನ್ನ ಮ್ಯಾಲ ಅದನ್ನ ಹೇಳಬ್ಯಾಡ," ಎಂದ. "ಆಕಿ ಹೆಂಗಸರ ಸಾಲಿನ್ಯಾಗ ಕುಂತಿದ್ಲು. ಎಲ್ಲಾರೂ ಆಕಿ ಮಾರಿ ನೋಡಿ ನಕ್ಕರು."

"ಚ್ಯಾಷ್ಟಿ ಮಾತಲೇ ಅದು. ಆದದ್ದನ್ನ ಹೇಳಿದ್ನಿ," ಎಂದೆ. ಇವನಿಗೆ ಈಗ ಇದೊಂದು ಹೊಸ ತಕರಾರು ಎಂದು ರೇಗಿತು.

"ಆದದ್ದು ಅದಲ್ಲ." ಅವನು ಈ ಸಲ ನೆಲ ನೋಡಲಿಲ್ಲ. "ಮೊದಲನೇ ಸಲ, ಹುಬ್ಬ ಒಡೀತಲ್ಲ, ಅವತ್ತ ಖರೇನ ನಂಗ ಭಿಡ್ ಅಂತ ಕೇಳಿತ್ತು. ಆಮ್ಯಾಗ ಎಂದೂ ಹಂಗ ಕೇಳಿಲ್ಲ. ನಿನ್ನ ದನಿ ನಂಗ ಗೊತ್ತಾಗತಿತ್ತು. ಮಸ್ಕತ್ತಿನ್ಯಾಗೂ ಬಿಡ್ ಅಂತನ ಕೇಳ್ಸತು. ನೀ ಕೇಳಿದಾಗ ಬಿಡ್ ಅಂತನ ಹೇಳಿದ್ನಿ. ಕನ್ನಡದಾಗ ಹೇಳಿದ್ನಿ. ನೀ ಅದನ್ನ ಮರಾಠಿ ಮಾಡಿ, ಕೋಚ್‌ಗೆ ಇಂಗ್ಲಿಷಿನ್ಯಾಗ ಹೇಳಿದಿ."

ನಾನು ಚಹಾದ ಲೋಟವನ್ನು ಕಟ್ಟೆಯ ಮೇಲಿಟ್ಟೆ.

"ಬಿಡ್ ಅಂತ ಕೇಳಿದ್ರ ಮತ್ಯಾಕ ಜಿಗದಿ?"

"ನೀ ಬರಾಕತ್ತಿದ್ದಿಲ್ಲ," ಎಂದ. "ಗೆರಿ ಮ್ಯಾಲ ನಿಂತ ಕೂಗಿದಿ, ಕೊಲ್ಲಾಪುರದಾಗ ಆಮ್ಯಾಗ ಆದಾಗೂ ಹಂಗ. ನನ್ನ ಹಿಂದ ಅವರಾವ ಒಬ್ಬ ನಿಂತಿದ್ದ. ನಾ ಬಿಟ್ಟಿದ್ರ ಅಂವ ಹೊಡೀತಿದ್ದ."

ನಾನು ಬೈಯಲು ಬಾಯಿ ತೆರೆದೆ. ಅವನನ್ನು ಬೈಯುವುದು ನನಗೆ ರೂಢಿ. ಆದರೆ ಆ ಚೆಂಡು ಮತ್ತೆ ಕಣ್ಣಮುಂದೆ ಬಂತು, ಈ ಸಲ ನನ್ನ ಕಾಲು ಕಂಡವು. ಎಷ್ಟೋ ನೂರು ಸಲ ಈ ಕಥೆ ಹೇಳಿದ್ದೇನೆ. ಅವನು ಎಗರಿದ್ದನ್ನು ಮಾಡಿ ತೋರಿಸಿದ್ದೇನೆ, ನಾನು ಮುಂದೆ ಬಂದದ್ದನ್ನು ಒಂದು ಸಲವೂ ಮಾಡಿ ತೋರಿಸಿಲ್ಲ. ಬಂದಿದ್ದರೆ ತಾನೇ? ಎರಡನೇ ವರ್ಷದ ಆಸೆಗೆ, ತಪ್ಪಾದೀತು ಎಂಬ ಅಂಜಿಕೆಗೆ, ನನ್ನ ಕಾಲು ಆ ಬಿಳಿ ಗೆರೆಯ ಮೇಲೆ ಹೂತುಹೋಗಿದ್ದವು. ನನಗೆ ನನ್ನ ಮೇಲೆಯೇ ಅಸಹ್ಯವಾಯಿತು.

"ಅವತ್ತ ಯಾಕ ಹೇಳಲಿಲ್ಲ?" ಎಂದು ಕೇಳಿದೆ. ಕೇಳುತ್ತಿದ್ದಂತೆಯೇ ಅದು ಎಂಥ ಪ್ರಶ್ನೆ ಎಂದು ತಿಳಿಯಿತು. ಅವನು ಹೇಳಬೇಕಾಗಿದ್ದರೆ ನನ್ನ ಬಾಯಿಯಿಂದಲೇ ಹೇಳಬೇಕಾಗಿತ್ತು.

ಕಾಗವಾಡದ ಬಸ್ಸು ಬಂತು. ಅವನ ಹೆಂಡತಿ ಚೀಲ ಎತ್ತಿಕೊಂಡು ಹತ್ತಿದಳು. ಅವನು ಲೋಟ ಕೆಳಗಿಟ್ಟು ಹೊರಟಾಗ ನಾನು ಅವನ ತೋಳು ಹಿಡಿದೆ.

"ಆ ಎರಡನೇ ವರ್ಷ ನಿಂದು. ನಿನ್ನ ಇಟ್ಕೋಬೇಕಾಗಿತ್ತು. ತಪ್ಪ ನಂದು."

"ನಂಗ ಹೇಳಿ ಏನ್ ಮಾಡ್ತಿ," ಎಂದ ಅವನು, ತೋಳು ಬಿಡಿಸಿಕೊಳ್ಳುತ್ತ. "ಅವತ್ತ ಆ ಕೋಚ್‌ಗೆ ಹೇಳಬೇಕಿತ್ತು." ಬಸ್ಸು ಹತ್ತಿ ಹೆಂಡತಿಯ ಪಕ್ಕ ಕೂತ.